ಹನ್ನೆರಡು ಸಲ ಬೀಳಲು ಅನುಮತಿ

ನೈತಿಕ ಸಮಿತಿಯ ಪತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಆ ಹಿರಿಯ ಕಲಾವಿದರು ಮೂರು ದಿನಗಳಲ್ಲಿ ಒಟ್ಟು ಹನ್ನೆರಡು ಸಲ ಬೀಳಬಹುದು. ದಿನಕ್ಕೆ ಐದಕ್ಕಿಂತ ಹೆಚ್ಚು ಕೂಡದು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಇಪ್ಪತ್ತು ನಿಮಿಷ ವಿಶ್ರಾಂತಿ ಕೊಡಬೇಕು, ಪ್ರತಿ ಸಲವೂ ರಕ್ತದೊತ್ತಡ ನೋಡಬೇಕು, ಸುರಕ್ಷತಾ ಅಧಿಕಾರಿ ಪಕ್ಕದಲ್ಲೇ ನಿಂತು ಎಣಿಸಬೇಕು. ಓದಿ ಮುಗಿಸಿದ ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಐವತ್ತು ವರ್ಷ ಬೀಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಮನುಷ್ಯನಿಗೆ ಜಪಾನಿನ ಕೋಬೆಯ ಒಂದು ಸಮಿತಿ ಬೀಳಲು ಪರವಾನಗಿ ಬರೆದುಕೊಟ್ಟಿತ್ತು. ನನ್ನ ಆ ನಗು ಎರಡನೆಯ ದಿನದ ಮಧ್ಯಾಹ್ನದವರೆಗೆ ಉಳಿಯಿತು.

ಆಗ ನಾನಿದ್ದ ಪ್ರಯೋಗಾಲಯದಲ್ಲಿ ಮನುಷ್ಯರ ಚಲನೆಯನ್ನು ಅಳೆಯುತ್ತಿದ್ದೆವು. ಮೈಮೇಲೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಹೊಳೆಯುವ ಗೋಲಿಗಳನ್ನು ಅಂಟಿಸುತ್ತೇವೆ. ಸುತ್ತಲೂ ಎತ್ತರದಲ್ಲಿ ಕಟ್ಟಿದ ಹತ್ತು ಕ್ಯಾಮೆರಾಗಳು ಆ ಗೋಲಿಗಳನ್ನು ಮಾತ್ರ ನೋಡುತ್ತವೆ. ಮುಖ, ಬಟ್ಟೆ, ಬಣ್ಣ ಯಾವುದೂ ಅವಕ್ಕೆ ಬೇಡ. ಕೊನೆಗೆ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಮನುಷ್ಯನ ಬದಲಿಗೆ ನಲವತ್ತು ಬಿಳಿ ಚುಕ್ಕೆಗಳು ಓಡಾಡುತ್ತವೆ. ಜಪಾನಿನ ಈಶಾನ್ಯದ ದೊಡ್ಡ ಭೂಕಂಪ ಕಳೆದು ಕೆಲವು ವರ್ಷಗಳಾಗಿದ್ದವು. ಮನೆ ಕಳೆದುಕೊಂಡು ತಾತ್ಕಾಲಿಕ ಮನೆಗಳಿಗೆ ಹೋದ ಮುದುಕರು ಗೊತ್ತಿಲ್ಲದ ಹೊಸಿಲು, ಗೊತ್ತಿಲ್ಲದ ಮೆಟ್ಟಿಲಿನ ಮೇಲೆ ಎಡವಿ ಬೀಳುತ್ತಿದ್ದರು. ಪೆಟ್ಟಾಗದ ಹಾಗೆ ಬೀಳುವುದನ್ನು ಕಲಿಸಬಹುದೇ ಎಂಬುದು ನಮ್ಮ ಪ್ರೊಫೆಸರರ ಪ್ರಶ್ನೆ. ಮೊದಲು ಜೂಡೋದವರನ್ನು ಕರೆಸಿ ಅಳೆದೆವು. ಅವರು ದಬ್ ಎಂದು ನೆಲ ಬಡಿದು ಉರುಳುತ್ತಿದ್ದರು. ಎಂಬತ್ತರ ಅಜ್ಜಿಗೆ ಅದನ್ನು ಕಲಿಸುವುದು ಆಗದ ಮಾತಾಗಿತ್ತು.

ದಾರಿ ಸಿಕ್ಕಿದ್ದು ನಗರದ ಅಂಚಿನ ಒಂದು ವೃದ್ಧಾಶ್ರಮದಲ್ಲಿ. ಅಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬಳು ದಾದಿ ಇದ್ದಳು. ನಾವು ಹೋದ ದಿನ ಊಟದ ಹಾಲಿನಲ್ಲಿ ಒಬ್ಬ ಅಜ್ಜಿ ಜಾರಿ ಕುಕ್ಕರಿಸಿದರು. ದಾದಿ ಗಾಬರಿ ಬೀಳಲಿಲ್ಲ. ಪಕ್ಕದಲ್ಲೇ ಕೂತು, ಅಜ್ಜಿಯ ಅಂಗೈ ಮೇಲಕ್ಕೆ ತಿರುಗಿಸಿ, ಜಪಾನಿಯಲ್ಲಿ ಏನೋ ಕೇಳಿದಳು. ಅಜ್ಜಿ ತನ್ನ ಖಾಲಿ ಕೈ ನೋಡಿಕೊಂಡು ಬೊಚ್ಚು ಬಾಯಿ ಬಿಟ್ಟು ನಕ್ಕರು. ಏನು ಕೇಳಿದೆ ಎಂದು ಪ್ರೊಫೆಸರ್ ವಿಚಾರಿಸಿದರು.

"ಸೂಪು ಚೆಲ್ಲಲಿಲ್ಲ ತಾನೇ, ಅಂದೆ. ನಮ್ಮೂರಲ್ಲಿ ಮಕ್ಳು ಬಿದ್ರೆ ಅಮ್ಮಂದಿರು ಹೀಗೇ ಕೇಳೋದು. ಮಗು ಅಳೋದು ಬಿಟ್ಟು ಕೈ ನೋಡ್ಕೊಳತ್ತೆ, ಎದ್ದು ಓಡತ್ತೆ," ಎಂದಳು.

ಅದು ಅವರ ದೇಶದ ಒಬ್ಬ ಹಾಸ್ಯನಟರಿಂದ ಬಂದ ಮಾತು. ಪ್ರತಿ ಸಿನಿಮಾದಲ್ಲೂ ಅವರು ದೊಡ್ಡ ಮನೆಯ ಆಳು. ಕೈಯಲ್ಲಿ ಯಜಮಾನನಿಗೆ ಸೂಪಿನ ಬಟ್ಟಲು. ಮೆಟ್ಟಿಲು ಬರಲಿ, ನಾಯಿ ಬರಲಿ, ಮದುವೆ ದಿಬ್ಬಣವೇ ಅಡ್ಡ ಬರಲಿ, ಮನುಷ್ಯ ಬೀಳುತ್ತಾನೆ, ಸೂಪು ಮಾತ್ರ ಒಂದು ಹನಿ ಚೆಲ್ಲುವುದಿಲ್ಲ. ಅಜ್ಜಿ, ಅಮ್ಮ, ಮಗಳು ಎಂದು ಮೂರು ತಲೆಮಾರು ಅವರನ್ನು ನೋಡಿ ನಕ್ಕಿದ್ದವು. ಈಗ ಎಪ್ಪತ್ತು ದಾಟಿದ್ದ ಅವರನ್ನು ಇಡೀ ದೇಶ ಲೋಲೋ, ಅಂದರೆ ಅಜ್ಜ, ಎಂದೇ ಕರೆಯುತ್ತಿತ್ತು. ಬೀಳುವಾಗ ಜನ ನೆಲಕ್ಕೆ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಬಟ್ಟಲು ಹಿಡಿದವನು ಕೈ ಊರುವುದಿಲ್ಲ, ಮಂಡಿ ಮಡಿಸುತ್ತಾನೆ. ಪ್ರೊಫೆಸರರ ಕಣ್ಣು ಅಲ್ಲೇ ಹೊಳೆಯಿತು. ಪತ್ರ ಬರೆದು, ನೆನಪೋಲೆ ಬರೆದು, ಅರ್ಧ ವರ್ಷದ ಓಡಾಟದ ಮೇಲೆ ಲೋಲೋ ತಮ್ಮ ಮಗಳ ಜೊತೆ ಕೋಬೆಗೆ ಬಂದರು.

ಮೊದಲ ಬೆಳಿಗ್ಗೆ ಗೋಲಿ ಅಂಟಿಸುವ ಕೆಲಸ ನನ್ನದು. ಮೈಗಂಟುವ ಕಪ್ಪು ಬಟ್ಟೆ ತೊಟ್ಟು ಸ್ಟೂಲಿನ ಮೇಲೆ ಕೂತ ಲೋಲೋ ತೆಳ್ಳಗೆ, ಸಣ್ಣಗೆ ಕಂಡರು. ಎಡಗೈ ಸ್ವಲ್ಪ ನಡುಗುತ್ತಿತ್ತು. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವರ ಮಾತು ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ನಮ್ಮ ಕನ್ನಡದ ಧಾಟಿಯಲ್ಲಿ. ಒಂದೊಂದು ಕೀಲಿಗೆ ಗೋಲಿ ಇಟ್ಟಾಗಲೂ ಒಂದೊಂದು ಕಥೆ ಬಂತು.

"ಎಡಗಾಲಿನ ಗಂಟು? ಒಂಬತ್ತನೇ ವಯಸ್ಸಲ್ಲಿ. ಊರೂರು ಸುತ್ತೋ ಡೇರೆ ನಾಟಕದಲ್ಲಿ ನಮ್ಮಪ್ಪ ಲಾಗ ಹಾಕ್ತಿದ್ರು. ಅವ್ರಿಗೆ ಜ್ವರ ಬಂತು, ನನ್ನ ನೂಕಿದ್ರು. ಲಾಗ ಬರ್ಲಿಲ್ಲ, ಬಿದ್ದೆ. ಅಪ್ಪನಿಗಿಂತ ಜಾಸ್ತಿ ಚಪ್ಪಾಳೆ ಬಂತು."

ಬಲ ಮೊಣಕೈ ಮೊದಲ ಸಿನಿಮಾದ್ದು. ನಾಯಕನ ಒದೆ ನಿಜಕ್ಕೂ ಬಿದ್ದಿತ್ತು. ಭುಜದ ಮೂಳೆ ಪ್ರವಾಹದ ದೃಶ್ಯದ್ದು. ಬೆನ್ನಿನ ಕೆಳತುದಿ ಟಿವಿಯ ಮಧ್ಯಾಹ್ನದ ಕಾರ್ಯಕ್ರಮದ್ದು. ಅಲ್ಲಿ ಎರಡನೇ ಟೇಕ್ ಇರಲಿಲ್ಲ. "ಕುತ್ತಿಗೆಗೆ ಒಂದು ದಿನವೂ ಪೆಟ್ಟಾಗಿಲ್ಲ. ಅದೊಂದೇ ನಾನು ನಿಜವಾಗಿ ಕಲಿತ ವಿದ್ಯೆ," ಎಂದರು. ಮೂವತ್ತೊಂಬತ್ತನೆಯ ಗೋಲಿ ಬಲಸೊಂಟಕ್ಕೆ. ಅದರ ಕಥೆಯನ್ನು ಪಕ್ಕದಲ್ಲಿದ್ದ ಮಗಳು ಹೇಳಿದರು: ಊರಿಗೆ ಹೋದ ಮೇಲೆ ಅದಕ್ಕೆ ಆಪರೇಷನ್, ಅದಾದ ಮೇಲೆ ಬೀಳುವ ಮಾತೇ ಇಲ್ಲ. ಡಾಕ್ಟರು ಈಗಲೂ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು.

ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ನಾನು ಹಿಂದೆಂದೋ ನಡೆದಾಡಿದ ಚುಕ್ಕೆಗಳನ್ನು ಪರದೆಗೆ ಹಾಕಿದೆ. ಲೋಲೋ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಇದು ಯಾರು?"

"ನಾನೇ."

"ನಿಮ್ಮಮ್ಮನಿಗೆ ತೋರಿಸಿದ್ರೆ ನೀವು ಅಂತ ಗೊತ್ತಾಗತ್ತಾ?"

ಗೊತ್ತಾಗಲಾರದು ಎಂದು ಒಪ್ಪಿಕೊಂಡೆ. ಅವರು ಸ್ಟೂಲಿಗೆ ಹಿಂತಿರುಗಿ ಕೂತರು. ತಮ್ಮ ಹಳೆಯ ಸಿನಿಮಾಗಳ ಬಹುಪಾಲು ರೀಲುಗಳು ಸೆಕೆಗೂ ತೇವಕ್ಕೂ ಕರಗಿ ಹೋಗಿವೆ, ಉಳಿದದ್ದು ಮಸುಕು ಟೇಪುಗಳಿಂದ ಇಳಿಸಿಕೊಂಡ ಚೂರುಗಳು ಎಂದರು. "ನೀವು ಬರೆದ ಕಾಗದ ನೋಡಿ ನನಗೆ ಆಸೆ ಹುಟ್ಟಿತು ನೋಡಿ. ಬರೀ ಚುಕ್ಕೆ ಆದ್ರೂ ಪರವಾಗಿಲ್ಲ, ಅದ್ರೊಳಗೆ ನಾನಿರ್ಬೇಕು. ಇದೇ ಕಡೇ ಸಲ ಅಲ್ವಾ?"

ಇರುತ್ತೀರಿ ಎಂದು ನಾನು ಸಲೀಸಾಗಿ ಮಾತು ಕೊಟ್ಟೆ. ಆ ಕಾಲದಲ್ಲಿ ನನಗೆ ನನ್ನ ಯಂತ್ರದ ಮೇಲೂ ನನ್ನ ಮೇಲೂ ವಿಪರೀತ ಭರವಸೆ. ಅವರು ಕೈಗೊಂದು ಬಟ್ಟಲು ಕೇಳಿದಾಗಲೂ ಅದೇ ಜಂಬದಲ್ಲಿ ಇಲ್ಲ ಎಂದೆ. ಬೆರಳಿನ ಗೋಲಿಗಳು ಮರೆಯಾಗುತ್ತವೆ, ಪ್ರೋಟೋಕಾಲ್‌ನಲ್ಲಿ ಬಟ್ಟಲಿಲ್ಲ ಎಂದು ಪಾಠ ಒಪ್ಪಿಸಿದೆ.

ಸುರಕ್ಷತಾ ಅಧಿಕಾರಿ ಪ್ರಯೋಗಾಲಯದ ಮೂಲೆಯಲ್ಲಿ ನಿಂತಿದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯ ನಂತರ ಇಲ್ಲಿಗೆ ಬಂದವರು. ನಕ್ಕದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಒಂದು ಕೈಯಲ್ಲಿ ಗುಂಡಿ ಒತ್ತಿದರೆ ಅಂಕಿ ಏರುವ ಎಣಿಕೆಯಂತ್ರ. ಇನ್ನೊಂದು ಕೈಯ ತೋರುಬೆರಳು ಚಾಚಿ ಅವರು ಮೆತ್ತೆಯನ್ನು ತೋರಿಸಿ "ಯೋಶಿ!" ಎನ್ನುತ್ತಿದ್ದರು. ಕೇಬಲ್ಲು ನೋಡಿ "ಯೋಶಿ!", ಬಾಗಿಲು ನೋಡಿ "ಯೋಶಿ!". ಎಲ್ಲ ಸರಿಯಿದೆ ಎಂದು ಕಣ್ಣು, ಬೆರಳು, ಬಾಯಿ ಮೂರರಿಂದಲೂ ಖಾತ್ರಿ ಮಾಡಿಕೊಳ್ಳುವ ಇಲ್ಲಿನ ಪದ್ಧತಿ ಅದು. ಲೋಲೋ ಎರಡು ಸಲ ಅದನ್ನು ನೋಡಿದರು. ಮೂರನೆಯ ಸಲಕ್ಕೆ ಅಧಿಕಾರಿಯ ಹಿಂದೆ ಅದೇ ಗತ್ತಿನಲ್ಲಿ ನಿಂತು, ತಮ್ಮ ಸೊಂಟ ತೋರಿಸಿ, ಅನುಮಾನಿಸಿ, ಇನ್ನೊಮ್ಮೆ ತೋರಿಸಿ, ಸಣ್ಣ ದನಿಯಲ್ಲಿ "ಯೋಶಿ?" ಎಂದರು. ಪ್ರೊಫೆಸರ್ ಸಹ ಬಾಯಿಗೆ ಕೈ ಅಡ್ಡ ಹಿಡಿದರು. ಅಧಿಕಾರಿ ಮಾತ್ರ ಅಲುಗಲಿಲ್ಲ. ಅಂದಿನಿಂದ ಲೋಲೋ ಆ ಅಧಿಕಾರಿಯನ್ನು ಸೇಫ್ಟಿ-ಸಾನ್, ಅಂದರೆ ಸೇಫ್ಟಿ ಸಾಹೇಬರು, ಎಂದು ಕರೆದರು.

ಮೊದಲ ದಿನ ಐದು ಸಲ ಬಿದ್ದರು. ದಪ್ಪ ಮೆತ್ತೆ, ಅದರ ಕೆಳಗೆ ನೆಲಕ್ಕೆ ಬೀಳುವ ಒತ್ತಡ ಅಳೆಯುವ ಉಕ್ಕಿನ ಹಲಗೆ. ನಾನು "ಸಾನ್, ನೀ, ಇಚಿ" ಎಂದು ಮೂರರಿಂದ ಕೆಳಕ್ಕೆ ಎಣಿಸಬೇಕು, ಅವರು ನಡೆದು ಬಂದು ಬೀಳಬೇಕು, ಆಮೇಲೆ ಎಲ್ಲರೂ ಬಗ್ಗಿ ನಮಸ್ಕರಿಸಿ ರಕ್ತದೊತ್ತಡ ನೋಡಬೇಕು. ಒಂದನೆಯದರಲ್ಲಿ ಮಂಡಿಯ ಗೋಲಿ ಹಾರಿತು. ಮೂರನೆಯದರಲ್ಲಿ ದೇಹ ಮುದುಡಿಕೊಂಡಾಗ ಹನ್ನೊಂದು ಗೋಲಿಗಳು ಕ್ಯಾಮೆರಾಗಳ ಕಣ್ಣು ತಪ್ಪಿಸಿದವು. ಉಳಿದವು ಚೆನ್ನಾಗಿ ಬಂದವು. ಒತ್ತಡದ ಗೆರೆಗಳು ಜೂಡೋದವರಿಗಿಂತ ಮೃದುವಾಗಿದ್ದವು. ನಾನು ಸಿಳ್ಳೆ ಹಾಕಿಕೊಂಡು ಮನೆಗೆ ಹೋದೆ.

ಎರಡನೆಯ ದಿನದ ಒಂಬತ್ತನೆಯ ಬೀಳುವಿಕೆಯಲ್ಲಿ ಅವರು ಬೇಗ ಏಳಲಿಲ್ಲ. ಮೆತ್ತೆಯ ಮೇಲೆ ಕೂತೇ ಇದ್ದರು. ಮುಖದಲ್ಲಿ ನಗು ಇತ್ತು, ಹಣೆಯಲ್ಲಿ ಬೆವರಿತ್ತು. ಮಗಳು ಓಡಿ ಬಂದು ಬಲಸೊಂಟಕ್ಕೆ ಕೈ ಕೊಟ್ಟರು. "ಸಾಕು. ಇನ್ನೊಂದು ಸಲವೂ ಬೇಡ," ಎಂದರು. ಕರೆಸಿದ ವೈದ್ಯರು ಪರೀಕ್ಷಿಸಿ ಮೂಳೆಗೇನೂ ಆಗಿಲ್ಲ, ನಡೆದಾಡಬಹುದು, ಬೀಳುವುದು ಮಾತ್ರ ಕೂಡದು ಎಂದರು. ಸೇಫ್ಟಿ-ಸಾನ್ ತಮ್ಮ ಪುಸ್ತಕದಲ್ಲಿ ಉಳಿದ ಮೂರಕ್ಕೆ ಅಡ್ಡಗೆರೆ ಎಳೆದರು.

ಒಂಬತ್ತು ಸಾಕಷ್ಟಾಯಿತು ಎಂದು ನಾನೇ ಎಲ್ಲರಿಗೂ ಧೈರ್ಯ ಹೇಳಿದೆ. ಮಧ್ಯಾಹ್ನ ಲೋಲೋ ಅವರನ್ನು ನೋಡಲು ವೃದ್ಧಾಶ್ರಮದ ದಾದಿ ಬಂದಿದ್ದಳು. ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡು ಕಣ್ಣೀರು ಹಾಕಿದ್ದಳು. ಇವಳಿಗಿಂತ ಒಳ್ಳೆಯ ಪ್ರೇಕ್ಷಕಿ ಇಲ್ಲವೆಂದು ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ, ಯಾರದೆಂದು ಹೇಳದೆ ಪರದೆಗೆ ಹಾಕಿದೆ. ಚುಕ್ಕೆಗಳು ಬಾಗಿದವು, ಬಿದ್ದವು, ನಿಂತುಹೋದವು. ಅವಳು ಮುಂದೇನಾದರೂ ಬರುತ್ತದೆಂದು ಕಾದಳು.

"ಚೆನ್ನಾಗಿದೆ," ಎಂದಳು ಮರ್ಯಾದೆಗೆ. "ಜೂಡೋದವರಾ?"

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಲೋಲೋ ಮೊಣಕಾಲ ಮೇಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡು, ಹೋಟೆಲಿಗೆ ಹೋಗೋಣವೆಂದು ಮಗಳಿಗೆ ಸನ್ನೆ ಮಾಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದಾಗ ನನ್ನ ಗಂಡ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಏನೋ ನೋಡುತ್ತಿದ್ದ. ಬೆಂಗಳೂರಿನ ಕಂಪನಿಯೊಂದು ಅವನನ್ನು ಇಲ್ಲಿನ ಬ್ಯಾಂಕಿನ ಪ್ರಾಜೆಕ್ಟಿಗೆ ಕಳಿಸಿತ್ತು. ಅವನಿಗೂ ನನ್ನ ಚುಕ್ಕೆಗಳಿಗೂ ಸಂಬಂಧವಿಲ್ಲ. ನಾನು ದಿನವೂ ಹೇಳುತ್ತಿದ್ದ ಲೋಲೋ ಯಾರಿರಬಹುದೆಂದು ಹುಡುಕಿ, ಅವರ ಹಳೆಯ ಸಿನಿಮಾದ ಚೂರೊಂದನ್ನು ಹಾಕಿಕೊಂಡಿದ್ದ. ಗೊಳ್ಳನೆ ನಕ್ಕ. ನಾನು ಹಿಂದಿನಿಂದ ಇಣುಕಿದೆ. ಪರದೆಯಲ್ಲಿ ಎಳೆಯ ಲೋಲೋ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದರು, ಅಷ್ಟೆ.

"ಇನ್ನೂ ಬಿದ್ದೇ ಇಲ್ಲ. ಯಾಕೋ ನಗ್ತೀಯ?" ಎಂದು ಸಿಡುಕಿದೆ.

"ಬೀಳ್ತಾನೆ ಅಂತ ಗೊತ್ತಾಗ್ತಿದೆಯಲ್ಲ. ಆ ಕಾಲು ನೋಡೇ. ಅದು ಆಲ್ರೆಡಿ ಡಿಸೈಡ್ ಮಾಡ್ಬಿಟ್ಟಿದೆ, ಇವನಿಗಿನ್ನೂ ಗೊತ್ತಿಲ್ಲ," ಎಂದ. ಇನ್ನೊಂದು ಚೂರು ಹಾಕಿದ. ಅದರಲ್ಲೂ ಮೊದಲೇ ನಕ್ಕ. ಬಿದ್ದಾಗ ನಗು ಮುಗಿದಿತ್ತು.

ನಾನು ಅಲ್ಲೇ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ನಮ್ಮ ಒಂಬತ್ತು ಕಡತಗಳನ್ನು ನೋಡಿದೆ. ಒಂದೊಂದೂ ಸರಿಯಾಗಿ ಮೂರು ಸೆಕೆಂಡ್. ಜೂಡೋದವರ ಕಾಲದಲ್ಲಿ ಡಿಸ್ಕ್ ತುಂಬಿಹೋಗುತ್ತದೆಂದು ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ: ಮೈ ಹಲಗೆಗೆ ತಾಗಿದ ಕ್ಷಣ ಗುರುತಿಸು, ಅದರ ಹಿಂದಿನ ಒಂದು ಸೆಕೆಂಡ್, ಮುಂದಿನ ಎರಡು ಸೆಕೆಂಡ್ ಇಟ್ಟುಕೋ, ಉಳಿದದ್ದನ್ನು ಅಳಿಸು. ಚೆನ್ನಾಗಿ ಕೆಲಸ ಮಾಡುತ್ತದೆಂದು ಎಲ್ಲರ ಮುಂದೆ ಬೀಗಿದ್ದೂ ಉಂಟು. ಲೋಲೋ ಬಾಗಿಲಿಂದ ನಡೆದು ಬಂದ ಒಂಬತ್ತು ನಡಿಗೆಗಳನ್ನು ಅದು ಚಾಚೂ ತಪ್ಪದೆ ಅಳಿಸಿ ಹಾಕಿತ್ತು. ಮೇಲಾಗಿ ಹತ್ತೂ ಕ್ಯಾಮೆರಾಗಳನ್ನು ನಾನು ಮೆತ್ತೆಯ ಕಡೆಗೆ ತಿರುಗಿಸಿಟ್ಟಿದ್ದೆ. ಕೈಗೆ ಬಟ್ಟಲು ಬೇರೆ ಕೊಟ್ಟಿರಲಿಲ್ಲ. ಮುದುಕರ ಸೊಂಟ ಸವೆಸಿ ಒಂಬತ್ತು ಸಲ ಬೀಳಿಸಿ, ನಾನು ಉಳಿಸಿದ್ದು ಯಾರು ಬೇಕಾದರೂ ಬೀಳಬಹುದಾದ ಮೂರು ಸೆಕೆಂಡುಗಳನ್ನು. ಕಣ್ಣಲ್ಲಿ ನೀರು ಬಂತು. ಗಂಡ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ, "ನಾಳೆ ಒಂದಿನ ಇದೆಯಲ್ಲೇ," ಎಂದ. ಬೀಳುವ ಹಾಗಿಲ್ಲ ಎಂದು ಅವನಿಗೆ ವಿವರಿಸುತ್ತಿರುವಾಗಲೇ ನನಗೆ ಹೊಳೆಯಿತು, ಬೀಳುವುದೇ ಬೇಡ.

ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಪ್ರೊಫೆಸರರ ಬಾಗಿಲಲ್ಲಿ ನಿಂತಿದ್ದೆ. ತಪ್ಪು ನನ್ನದು ಎಂದು ಮೊದಲು ಹೇಳಿ, ಆಮೇಲೆ ಬೇಡಿಕೆ ಇಟ್ಟೆ. ಮೆತ್ತೆ ಎತ್ತಿಹಾಕಬೇಕು, ಉಕ್ಕಿನ ಹಲಗೆಯ ಕೆಲಸ ಕೈಬಿಡಬೇಕು, ಕ್ಯಾಮೆರಾಗಳನ್ನು ಬಾಗಿಲಿಂದ ಹಿಡಿದು ಇಡೀ ಕೋಣೆಗೆ ಹರಡಬೇಕು. ಲೋಲೋ ಬಟ್ಟಲು ಹಿಡಿದು ಬೀಳುವಂತಾಗಬೇಕು, ಬೀಳಕೂಡದು.

ಪ್ರೊಫೆಸರ್ ಹಲ್ಲಿನ ಸಂದಿಯಿಂದ ಉಸಿರೆಳೆದರು. ಈ ದೇಶದಲ್ಲಿ ಇಷ್ಟು ವರ್ಷ ಕಳೆದವರಿಗೆ ಅದರರ್ಥ 'ಕಷ್ಟ' ಎಂದು ಚೆನ್ನಾಗಿ ಗೊತ್ತು.

"ಯೋಜನೆ ಮಂಜೂರಾಗಿರೋದೇ ಒತ್ತಡ ಅಳೆಯೋಕೆ. ವರದಿಯಲ್ಲಿ ಏನಂತ ಬರೆಯೋದು?"

"ಮುದುಕರು ಬೀಳೋ ಮುಂಚೆ ಏನು ಮಾಡ್ಬೇಕು ಅಂತ ಬರೆಯೋಣ, ಪ್ರೊಫೆಸರ್. ಬಿದ್ದ ಮೇಲಿನದ್ದು ಒಂಬತ್ತು ನಮ್ಮತ್ರ ಇದೆ."

ಅವರು "ಸೇಫ್ಟಿ-ಸಾನ್‌ಗೆ ಕೇಳಿ," ಎಂದರು. ಅವರೂ ಆ ಹೆಸರನ್ನೇ ಬಳಸಿದ್ದು ಕೇಳಿ ನನಗೆ ಧೈರ್ಯ ಬಂತು.

ಸೇಫ್ಟಿ-ಸಾನ್ ನಿಯಮದ ಕಡತ ತೆರೆದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿದರು. ಪಾದಗಳನ್ನು ಬಿಟ್ಟು ದೇಹದ ಬೇರಾವ ಭಾಗ ನೆಲ ಮುಟ್ಟಿದರೂ ಅದು ಬೀಳುವಿಕೆ. ಮುಟ್ಟದಿದ್ದರೆ ನಡಿಗೆ. ನಡಿಗೆಗೆ ವೈದ್ಯರ ಒಪ್ಪಿಗೆ ಇದೆ. "ಆದರೆ ನಾನೂ ಪ್ರೊಫೆಸರೂ ಎರಡೂ ಪಕ್ಕ ಕೈಯಳತೆಯಲ್ಲಿ ನಡೀತೀವಿ. ಬಟ್ಟಲಲ್ಲಿ ನೀರು ಕೂಡದು, ನೆಲ ಜಾರತ್ತೆ," ಎಂದರು. ಉಳಿದದ್ದು ಮಗಳ ಒಪ್ಪಿಗೆ. ಹೋಟೆಲಿನ ತಿಂಡಿಯ ಮೇಜಿನಲ್ಲಿ ಅವರ ಎದುರು ಕೂತು ಮತ್ತೊಮ್ಮೆ ನನ್ನ ತಪ್ಪನ್ನು ಒಪ್ಪಿಸಿದೆ. ಅವರಿಗೆ ಕೋಪ ಬಂತು, ಬರಲೇಬೇಕಿತ್ತು. ಅವರು ಅಪ್ಪನ ಕಡೆ ತಿರುಗಿದರು.

"ಬೀಳಲ್ಲ ಅಂತ ಮಾತು ಕೊಡ್ತೀಯಾ?"

"ಬೀಳದೇ ಇರೋದು ತುಂಬಾ ಕಷ್ಟ ಕಣಮ್ಮ," ಎಂದರು ಲೋಲೋ. ಎರಡು ದಿನಗಳಲ್ಲಿ ಮೊದಲ ಸಲ ಅವರ ಮುಖ ಪೂರ್ತಿ ಅರಳಿತ್ತು. "ಬೀಳೋದು ಯಾರಿಗಾದ್ರೂ ಬರತ್ತೆ. ಮಾತು ಕೊಟ್ಟೆ."

ಅವರು ಸಂಜೆ ನಾಲ್ಕಕ್ಕೆ ವಿಮಾನ ನಿಲ್ದಾಣದ ಬಸ್ಸು ಹಿಡಿಯಬೇಕಿತ್ತು. ಕ್ಯಾಮೆರಾಗಳನ್ನು ಇಳಿಸಿ, ಹೊಸ ಜಾಗದಲ್ಲಿ ಕಟ್ಟಿ, ಗೋಲಿಗಳಿರುವ ಕೋಲೊಂದನ್ನು ಕೋಣೆಯ ಮೂಲೆಮೂಲೆಯಲ್ಲೂ ಬೀಸುತ್ತ ಅವಕ್ಕೆ ಜಾಗದ ಅಳತೆ ಕಲಿಸಬೇಕು. ಸಾಮಾನ್ಯವಾಗಿ ಅದು ಒಂದು ದಿನದ ಕೆಲಸ. ಹನ್ನೊಂದರ ಹೊತ್ತಿಗೆ ಪರದೆಯಲ್ಲಿ ಎಲ್ಲಿಂದಲೋ ಲೆಕ್ಕಕ್ಕಿಲ್ಲದ ಚುಕ್ಕೆಯೊಂದು ಬಂದು ಬಾಗಿಲ ಬಳಿ ಮಿನುಗತೊಡಗಿತು. ಹುಡುಕಿ ಹುಡುಕಿ ತಲೆ ಕೆಟ್ಟುಹೋಯಿತು. ಕೊನೆಗೆ ನೋಡಿದರೆ ಬಾಗಿಲಿನ ಸ್ಟೀಲ್ ಹಿಡಿ. ಕಪ್ಪು ಟೇಪು ಸುತ್ತಿದೆ. ಒಂದು ಗಂಟೆಗೆ ಬಿಸಿಲು ತಿರುಗಿ ಕಿಟಕಿಯಿಂದ ಒಳಬಂದು ಎರಡು ಕ್ಯಾಮೆರಾಗಳನ್ನು ಕುರುಡು ಮಾಡಿತು. ಪ್ರೊಫೆಸರ್ ತಮ್ಮ ಕೋಟು ಬಿಚ್ಚಿ ಕಿಟಕಿಗೆ ನೇತುಹಾಕಿದರು. ಅಳತೆ ಮತ್ತೆ ಮೊದಲಿಂದ. ನಾನು ಬಟ್ಟಲಿಗೆಂದು ಮೂಲೆಯ ಅಂಗಡಿಗೆ ಓಡಿ, ಬಟ್ಟಲಲ್ಲಿ ಬರುವ ನೂಡಲ್ಸ್ ಕೊಂಡು, ನೂಡಲ್ಸನ್ನು ಪಕ್ಕದ ಕೋಣೆಯವರಿಗೆ ಕೊಟ್ಟು, ಬಟ್ಟಲು ಒರೆಸಿ ಅದರ ಅಂಚಿಗೆ ಒಂದು ಗೋಲಿ ಅಂಟಿಸಿದೆ. ಮೈಮೇಲೆ ನಲವತ್ತು, ಬಟ್ಟಲಿಗೆ ಒಂದು. ಆ ಮೂರು ಸೆಕೆಂಡಿನ ಪ್ರೋಗ್ರಾಂ ಅನ್ನು ನನ್ನ ಕೈಯಾರೆ ಅಳಿಸಿದೆ.

ಮೂರೂ ಕಾಲಿಗೆ ಒಂದೇ ಒಂದು ಸಲಕ್ಕೆ ಸಮಯವಿತ್ತು. ಈ ಸಲ ನಾನು ಎಣಿಸಲಿಲ್ಲ. ಯಾವಾಗ ಬೇಕಾದರೂ ಬನ್ನಿ ಎಂದೆ.

ಬಾಗಿಲಲ್ಲಿ ಲೋಲೋ ಕಾಣಿಸಿಕೊಂಡರು. ಖಾಲಿ ಬಟ್ಟಲು ಅವರ ಕೈಗೆ ಬಂದ ಕೂಡಲೇ ತುಂಬಿಹೋಗಿತ್ತು. ಕಂಠದವರೆಗೆ ಬಿಸಿ ಸೂಪಿದೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಎಡಗೈ ನಡುಕ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ಹೆಜ್ಜೆ. ಬಲಗಾಲು ಮುಂದೆ ಬರಲು ಒಪ್ಪಲಿಲ್ಲ. ಅವರು ಕಾಲಿನ ಕಡೆ ನೋಡಲಿಲ್ಲ, ಯಜಮಾನ ಕೂತಿರಬಹುದಾದ ದಿಕ್ಕಿಗೆ ನೋಡಿ ಮರ್ಯಾದೆಯ ನಗೆ ನಕ್ಕರು. ಮೈ ಎಡಕ್ಕೆ ವಾಲಿತು, ಬಟ್ಟಲು ಬಲಕ್ಕೆ ತೇಲಿತು. ಮಂಡಿ ಮಡಿಯಿತು, ಇನ್ನಷ್ಟು ಮಡಿಯಿತು, ಪೃಷ್ಠ ನೆಲಕ್ಕೆ ಒಂದು ಗೇಣಿರುವಾಗ ಅಲ್ಲಿಂದಲೇ ಸೀದಾ ಮುಂದಕ್ಕೆ ನಡೆದರು. ಎರಡು ಪಕ್ಕದಲ್ಲಿ ಪ್ರೊಫೆಸರ್ ಮತ್ತು ಸೇಫ್ಟಿ-ಸಾನ್ ಕೈ ಚಾಚಿಕೊಂಡು ಅವರ ಜೊತೆಗೇ ವಾಲಿ, ಬಗ್ಗಿ, ಏಳುತ್ತಿದ್ದರು. ಮಗಳು ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತ ನಗುತ್ತಿದ್ದರು. ಸೇಫ್ಟಿ-ಸಾನ್ ಅವರ ಹೆಬ್ಬೆರಳು ಎಣಿಕೆಯ ಗುಂಡಿಯ ಮೇಲೇ ಇತ್ತು. ಒತ್ತುವ ಪ್ರಸಂಗ ಒಂದು ಸಲವೂ ಬರಲಿಲ್ಲ. ನಾಲ್ಕು ನಿಮಿಷ ಕಳೆದು ಲೋಲೋ ಕೋಣೆಯ ಆ ತುದಿಯ ಮೇಜು ತಲುಪಿ ಬಟ್ಟಲನ್ನು ಇಟ್ಟರು. ಆಗ ಸೇಫ್ಟಿ-ಸಾನ್ ಬಟ್ಟಲಿನೊಳಗೆ ಬಗ್ಗಿ ನೋಡಿ, ತೋರುಬೆರಳು ಚಾಚಿ, "ಯೋಶಿ!" ಎಂದು ಕೂಗಿದರು. ಅವರು ನಕ್ಕದ್ದನ್ನು ಅವತ್ತು ನೋಡಿದೆ. ಆ ಕೋಣೆಯಲ್ಲಿ ಅಷ್ಟು ಗದ್ದಲ ಮತ್ತೆಂದೂ ಆಗಲಿಲ್ಲ.

ಗೋಲಿಗಳನ್ನು ಬಿಡಿಸಿ, ಬಟ್ಟೆ ಬದಲಿಸಿದ ಮೇಲೆ ಬಸ್ಸಿಗೆ ಮುಂಚೆ ಹತ್ತು ನಿಮಿಷ ಉಳಿದಿತ್ತು. ಚುಕ್ಕೆಗಳನ್ನು ತೋರಿಸಿದೆ. ಕಪ್ಪು ಪರದೆಯಲ್ಲಿ ನಲವತ್ತು ಚುಕ್ಕೆಗಳು ತಡವರಿಸುತ್ತಿದ್ದವು, ಒಂದು ಚುಕ್ಕೆ ಅಲುಗದೆ ತೇಲುತ್ತಿತ್ತು. ನಾವೆಲ್ಲ ಇನ್ನೊಮ್ಮೆ ನಕ್ಕೆವು. ಲೋಲೋ ನಗಲಿಲ್ಲ. ಕೆಲಸಗಾರ ಕೆಲಸ ನೋಡುವ ಹಾಗೆ ಕೊನೆಯವರೆಗೂ ನೋಡಿದರು.

"ನನ್ನನ್ನ ನೋಡಿರೋರು ನಕ್ರೆ ಅದು ಲೆಕ್ಕಕ್ಕಿಲ್ಲ," ಎಂದರು. "ನನ್ನ ಮುಖವನ್ನೇ ನೋಡದೇ ಇರೋರಿಗೆ ಒಂದಿನ ತೋರಿಸಿ. 'ಏನಾಯ್ತು' ಅಂತ ನನಗೆ ಬರೀರಿ."

ಬರೆಯುವೆನೆಂದೆ. ಆದರೆ ಹಾಗೆ ತೋರಿಸುವ ಸಂದರ್ಭವನ್ನು ನಾನು ಮುಂದೂಡುತ್ತಲೇ ಹೋದೆ; ಸೋತರೆ ಏನು ಬರೆಯಲಿ ಎಂಬ ಅಳುಕಿತ್ತು. ಕೆಲಸ ಮಾತ್ರ ಓಡಿತು. ಆ ನಾಲ್ಕು ನಿಮಿಷಗಳನ್ನು ಬಿಡಿಸಿ ನೋಡಿದಾಗ ಪ್ರತಿ ಸಲವೂ ಮೈ ವಾಲುವ ಮುನ್ನವೇ ಅವರ ಪಾದಗಳು ಅಗಲವಾಗಿ, ಮಂಡಿ ಸಡಿಲವಾಗುವುದು ಕಾಣಿಸಿತು. ಅದರಿಂದ ಒಂದು ವ್ಯಾಯಾಮ ಹುಟ್ಟಿತು. ದಾದಿಯ ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರು ಬೆಳಗಿನ ಚಹಾದ ನಂತರ ಖಾಲಿ ಬಟ್ಟಲು ಹಿಡಿದು ಬೇಕೆಂದೇ ತೂರಾಡುತ್ತ ಹಾಲ್ ದಾಟುತ್ತಾರೆ. ಈಶಾನ್ಯದ ತಾತ್ಕಾಲಿಕ ಮನೆಗಳ ಸಮುದಾಯ ಕೊಠಡಿಗೂ ಪ್ರೊಫೆಸರ್ ಅದನ್ನು ತಾವೇ ಹೋಗಿ ಕಲಿಸಿ ಬಂದರು. ಲೋಲೋ ಅವರ ಆಪರೇಷನ್ ಆಯಿತು. ಮಗಳಿಗೆ ಚುಕ್ಕೆಗಳ ಕಡತವನ್ನು ಕಳಿಸಿಕೊಟ್ಟಿದ್ದೆ.

ಒಂದೂವರೆ ವರ್ಷದ ಮೇಲೆ ಲೋಲೋ ತಮ್ಮ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ಬಂದ ನಾಲ್ಕನೆಯ ದಿನ ಮಗಳು ಒಂದು ವಿಡಿಯೋ ಕಳಿಸಿದರು. ನಾನು ಅದನ್ನು ಒಬ್ಬಳೇ ತೆರೆಯಲು ಮನಸ್ಸಾಗದೆ ವೃದ್ಧಾಶ್ರಮಕ್ಕೆ ಹೋಗಿ, ಮಧ್ಯಾಹ್ನದ ಬಿಡುವಿನಲ್ಲಿ ದಾದಿಯ ಪಕ್ಕ ಬೆಂಚಿನ ಮೇಲೆ ಕೂತು ತೆರೆದೆ. ಅವರಲ್ಲಿ ತೀರಿಕೊಂಡವರನ್ನು ಹಲವು ದಿನ ಮನೆಯಲ್ಲಿರಿಸಿ, ಬಂಧುಬಳಗ, ಕೇರಿಯವರೆಲ್ಲ ಬಂದು ಜೊತೆಗೆ ಕೂರುತ್ತಾರೆ. ತಿನ್ನುತ್ತಾರೆ, ಇಸ್ಪೀಟು ಆಡುತ್ತಾರೆ, ಹಳೆಯ ಕಥೆ ಹೇಳುತ್ತಾರೆ ಎಂದು ಅವಳು ವಿವರಿಸಿದಳು. ವಿಡಿಯೋದಲ್ಲಿ ಒಂದು ಅಂಗಳ. ಹೂವಿನ ಹಾರಗಳು, ಪೆಟ್ಟಿಗೆಯ ಒಂದು ಮೂಲೆ, ಗೋಡೆಗೆ ಕಟ್ಟಿದ ದುಪ್ಪಟಿ. ಮುಂದೆ ನೆಲದ ಮೇಲೆ ಶಾಲೆಯಿಂದ ಬಂದ ಕೇರಿಯ ಮಕ್ಕಳು, ನಾಲ್ಕೈದು ವರ್ಷದವರೂ ಇದ್ದರು. ಅವರ ಹುಟ್ಟಿಗೆ ಮುಂಚೆಯೇ ಲೋಲೋ ಸಿನಿಮಾ ಬಿಟ್ಟಿದ್ದರು. ಈ ಮಕ್ಕಳು ಅವರ ಸಿನಿಮಾ ಒಂದನ್ನೂ ನೋಡಿಲ್ಲ, ಚುಕ್ಕೆಗಳು ಯಾರದೆಂದೂ ಹೇಳಿಲ್ಲ ಎಂದು ಮಗಳು ಬರೆದಿದ್ದರು. ದುಪ್ಪಟಿಯ ಮೇಲೆ ಚುಕ್ಕೆಗಳು ಮೂಡಿ ಬಾಗಿಲಲ್ಲಿ ನಿಂತವು.

ಯಾರೂ ಸದ್ದು ಮಾಡಲಿಲ್ಲ. ಚುಕ್ಕೆಗಳು ಒಂದು ಹೆಜ್ಜೆ ಇಟ್ಟವು, ಎಡಕ್ಕೆ ವಾಲಿದವು. ಒಂದು ಮಗು ಕಿಸಕ್ಕೆಂದಿತು. ಇನ್ನೊಂದು ಎದ್ದು ನಿಂತಿತು. ಚುಕ್ಕೆಗಳು ಕುಸಿಯುತ್ತ ಕುಸಿಯುತ್ತ ನೆಲ ಮುಟ್ಟುವಂತಾದಾಗ ಮಕ್ಕಳೆಲ್ಲ ಒಟ್ಟಿಗೆ ಏನೋ ಕಿರುಚತೊಡಗಿದರು. ಹಿಂದೆ ಕೂತಿದ್ದ ದೊಡ್ಡವರು ನಗುತ್ತ ಅಳುತ್ತಿದ್ದರು. ನಾನು ದಾದಿಯ ತೋಳು ಹಿಡಿದು ಅಲ್ಲಾಡಿಸಿದೆ.

"ಏನೇ ಅದು? ಏನ್ ಕೂಗ್ತಿದಾರೆ?"

ಅವಳು ಕೆನ್ನೆ ಒರೆಸಿಕೊಂಡಳು.

"ಬೀಳ್ಬೇಡ ಅಂತಿದಾರೆ," ಎಂದಳು. "ಲೋಲೋ, ಹುಷಾರು, ಬೀಳ್ಬೇಡ ಅಂತಿದಾರೆ."